ಮಾತ್ರೆ ಒಂದೇ, ಒಬ್ಬರ ಲಿವರ್ ಮಾತ್ರ ಕೆಡೋದ್ಯಾಕೆ? ಕರುಳಿನ ಬ್ಯಾಕ್ಟೀರಿಯಾನೂ ಒಂದ್ಸಲ ಕೇಳಬೇಕು

ನಮ್ಮ ಚಿಕ್ಕಪ್ಪಂಗೆ ಟಿಬಿ ಅಂತ ಗೊತ್ತಾಗಿದ್ದು ಮೂರು ತಿಂಗಳು ಕೆಮ್ಮಿ ಕೆಮ್ಮಿ ಪಂಚೆ ಸೊಂಟದಲ್ಲಿ ನಿಲ್ಲದಷ್ಟು ಸೊರಗಿದ ಮೇಲೆ. ಅದೇ ತಿಂಗಳು ಅದೇ ಬೀದಿಯ ಗಾರೆ ಕೆಲಸದವರೊಬ್ಬರಿಗೂ ಟಿಬಿ ಅಂತ ಬಂತು. ಇಬ್ಬರದ್ದೂ ಹೆಚ್ಚುಕಮ್ಮಿ ಒಂದೇ ವಯಸ್ಸು, ಒಂದೇ ತೂಕ, ಟಿಬಿ ಮಾತ್ರೆ ಲೆಕ್ಕ ಹಾಕೋದು ತೂಕ ನೋಡಿನೇ ಆದ್ದರಿಂದ ಇಬ್ಬರಿಗೂ ದಿನಕ್ಕೆ ಅಷ್ಟೇ ಮಾತ್ರೆ, ಅದೇ ಸ್ಟ್ರಿಪ್, ಅದೇ ಆರೋಗ್ಯ ಕೇಂದ್ರ. ಗಾರೆಯವರು ಸಂಜೆ ಆದ್ರೆ ಒಂದು ಕ್ವಾರ್ಟರ್ ಹಾಕೋ ಪೈಕಿ, ನಮ್ಮ ಚಿಕ್ಕಪ್ಪ ಕಾಫಿ ಬಿಟ್ರೆ ಇನ್ನೊಂದು ಮುಟ್ಟಿದವರಲ್ಲ. ಐದನೇ ವಾರಕ್ಕೆ ಲಿವರ್ ಕೈ ಕೊಟ್ಟಿದ್ದು ಮಾತ್ರ ಚಿಕ್ಕಪ್ಪಂದು.

ಮೊದಲು ವಾಕರಿಕೆ. "ಅನ್ನ ನೋಡಿದ್ರೇ ಆಗಲ್ಲ ಕಣೋ" ಅಂತಿದ್ರು, ಮಾತ್ರೆ ಸ್ಟ್ರಾಂಗ್ ಇರುತ್ತೆ ಹಂಗೇ ಆಗುತ್ತೆ ಅಂತ ನಾವೇ ಸಮಾಧಾನ ಹೇಳಿದ್ವಿ. ಕಾಮಾಲೆಯಲ್ಲಿ ಮೂತ್ರ ಗಾಢ ಬಣ್ಣಕ್ಕೆ ತಿರುಗುತ್ತೆ ಅನ್ನೋದು ಎಲ್ಲರಿಗೂ ಗೊತ್ತು, ಆದ್ರೆ ಟಿಬಿ ಮಾತ್ರೆಯಲ್ಲಿರೋ ರಿಫಾಂಪಿಸಿನ್ ಮೊದಲನೇ ದಿನದಿಂದಲೇ ಮೂತ್ರವನ್ನ ಕಿತ್ತಳೆ ಬಣ್ಣ ಮಾಡಿರುತ್ತೆ, ಡಾಕ್ಟರ್ ಅದಕ್ಕೆ ಹೆದರಬೇಡಿ ಅಂತಲೂ ಮೊದಲೇ ಹೇಳಿರ್ತಾರೆ, ಹಂಗಾಗಿ ಆ ಸುಳಿವು ಯಾರ ಲೆಕ್ಕಕ್ಕೂ ಬರಲಿಲ್ಲ. ಕೊನೆಗೆ ಒಂದಿನ ಬೆಳಿಗ್ಗೆ ಜಗಲಿ ಮೇಲೆ ಪೇಪರ್ ಓದ್ತಾ ಕೂತಾಗ ಚಿಕ್ಕಮ್ಮ ಬಿಸಿಲಲ್ಲಿ ಅವರ ಕಣ್ಣು ನೋಡಿ "ಇದೇನ್ರೀ ಅರಿಶಿಣ ಬಳ್ದಂಗಿದೆ" ಅಂದ್ರು. ಲಿವರ್‌ಗೆ ಪೆಟ್ಟಾದಾಗ ರಕ್ತದಲ್ಲಿ ಏರೋ ಎಸ್‌ಜಿಪಿಟಿ ಅನ್ನೋದರ ಪರೀಕ್ಷೆ ಮಾಡಿಸಿದ್ರೆ 400ರ ಮೇಲೆ, ಇರಬೇಕಾಗಿದ್ದು 40ರ ಆಸುಪಾಸು. ಅವತ್ತೇ ಮಾತ್ರೆ ನಿಲ್ಲಿಸಿದ್ರು.

ಆಮೇಲೆ ಮನೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ. ಕುಡಿಯೋನಿಗೆ ಏನೂ ಆಗ್ಲಿಲ್ಲ, ಕುಡೀದೇ ಇರೋನಿಗೆ ಯಾಕಾಯ್ತು? ಡಾಕ್ಟರ್ ಹೇಳಿದ್ದು "ಕೆಲವರ ಬಾಡಿ ಹಂಗೆ" ಅಂತ. ಬೈಯೋದಕ್ಕಲ್ಲ ಹೇಳ್ತಿರೋದು, ಪುಸ್ತಕದಲ್ಲೂ ಹೆಚ್ಚುಕಮ್ಮಿ ಅಷ್ಟೇ ಇದೆ, ಭಾಷೆ ಸ್ವಲ್ಪ ದೊಡ್ಡದು ಅಷ್ಟೇ. ಆದ್ರೆ ಆ "ಕೆಲವರ ಬಾಡಿ" ಅನ್ನೋದರ ಒಳಗೆ ಏನೇನಿದೆ ಅಂತ ಕಳೆದ ಹದಿನೈದಿಪ್ಪತ್ತು ವರ್ಷದಿಂದ ಕೆದಕ್ತಾ ಹೋದವರಿಗೆ ಸಿಕ್ಕಿರೋ ಒಂದು ಉತ್ತರ ಲಿವರ್‌ನಲ್ಲಿಲ್ಲ, ಒಂದು ಗೇಣು ಕೆಳಗೆ ಕರುಳಲ್ಲಿದೆ. ಪೂರ್ತಿ ಉತ್ತರ ಅಲ್ಲ, ಒಂದು ಪಾಲು. ಎಷ್ಟು ಪಾಲು ಅನ್ನೋದರಲ್ಲೇ ಈಗ ಜಗಳ.

ಔಷಧಿಯಿಂದ ಲಿವರ್ ಕೆಡೋದು ನಮ್ಮಲ್ಲಿ ಎಷ್ಟು ದೊಡ್ಡ ವಿಷಯ ಅಂತ ಮೊದಲು ನೋಡೋಣ, ಯಾಕಂದ್ರೆ ಇದರ ಲೆಕ್ಕ ಇಟ್ಟವರು ನಮ್ಮ ಬೆಂಗಳೂರಿನವರೇ. ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಡಾ. ಹರ್ಷದ್ ದೇವರಬಾವಿ ಮತ್ತೆ ಅವರ ತಂಡ ಹತ್ತು ವರ್ಷಕ್ಕೂ ಹೆಚ್ಚು ಕಾಲ ಇಂಥ 313 ರೋಗಿಗಳ ವಿವರ ಕೂಡಿಸಿ 2010ರಲ್ಲಿ ಪ್ರಕಟ ಮಾಡಿದ್ರು. ಅದರಲ್ಲಿ 100ಕ್ಕೆ 58 ಕೇಸು ಟಿಬಿ ಮಾತ್ರೆಯಿಂದ ಆದವು, ಒಟ್ಟು ರೋಗಿಗಳಲ್ಲಿ 100ಕ್ಕೆ 17 ಜನ ಉಳೀಲಿಲ್ಲ. ಆಮೇಲೆ ದೇಶದ ಬೇರೆ ಬೇರೆ ಆಸ್ಪತ್ರೆಗಳು ಸೇರಿ 1288 ರೋಗಿಗಳ ಲೆಕ್ಕ ತೆಗೆದಾಗಲೂ ಟಿಬಿ ಔಷಧಿನೇ ಮೊದಲು, ಸುಮಾರು 46 ಪರ್ಸೆಂಟ್. ಅದೇ ಪಟ್ಟಿಯಲ್ಲಿ ಆಯುರ್ವೇದ, ನಾಟಿ ಔಷಧಿ, ಇತರೆ ಪರ್ಯಾಯ ಪದ್ಧತಿಗಳ ಪಾಲು 14 ಪರ್ಸೆಂಟ್ ಹತ್ತಿರ ಇತ್ತು ಅನ್ನೋದನ್ನ ಸೊಪ್ಪಿನ ರಸಕ್ಕೆ ಸೈಡ್ ಎಫೆಕ್ಟೇ ಇಲ್ಲ ಅಂತ ವಾಟ್ಸಾಪಲ್ಲಿ ಕಳಿಸೋರು ಒಂದ್ಸಲ ಓದ್ಕೋಬೇಕು. ಅಮೆರಿಕಾ, ಯುರೋಪಲ್ಲಿ ಈ ಪಟ್ಟಿಯ ಮೇಲ್ಗಡೆ ಕೂರೋದು ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಥರದ ಆಂಟಿಬಯಾಟಿಕ್. ಅವರ ತೊಂದರೆ ಬೇರೆ, ನಮ್ಮದು ಬೇರೆ, ಈ ಮಾತು ಮುಂದೆ ಮತ್ತೆ ಬರುತ್ತೆ.

ಟಿಬಿ ಮಾತ್ರೆ ತಗೊಂಡವರಲ್ಲಿ ಎಷ್ಟು ಜನರಿಗೆ ಲಿವರ್ ಪೆಟ್ಟಾಗುತ್ತೆ ಅಂತ ಕೇಳಿದ್ರೆ ಒಂದೊಂದು ಅಧ್ಯಯನ ಒಂದೊಂದು ಹೇಳುತ್ತೆ, 100ಕ್ಕೆ 2ರಿಂದ ಹಿಡಿದು 28ರವರೆಗೆ. ಕಾರಣಗಳೂ ಒಂದಷ್ಟು ಗೊತ್ತಿವೆ. ವಯಸ್ಸು, ಅಪೌಷ್ಟಿಕತೆ, ಕುಡಿತ, ಮೊದಲೇ ಇರೋ ಹೆಪಟೈಟಿಸ್ ಬಿ. ಆಮೇಲೆ ಜೀನ್: ಐಸೋನಿಯಾಜಿಡ್ ಅನ್ನೋ ಮಾತ್ರೆಯನ್ನ ಕರಗಿಸಿ ಸಾಗಹಾಕೋ ಎನ್‌ಎಟಿ2 ಅನ್ನೋ ಎನ್ಜೈಮ್ ಕೆಲವರಲ್ಲಿ ನಿಧಾನ, ಅಂಥವರಿಗೆ ಅಪಾಯ ಜಾಸ್ತಿ. ಆದ್ರೆ ಒಂದು ಸಿಕ್ಕು ಇದೆ ನೋಡಿ, ಈ ಎನ್ಜೈಮ್ ನಿಧಾನ ಇರೋರು ನಮ್ಮ ದೇಶದಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಇದ್ದಾರೆ. ಅದೊಂದೇ ಕಾರಣ ಆಗಿದ್ರೆ ಅರ್ಧ ಟಿಬಿ ವಾರ್ಡು ಕಾಮಾಲೆಯಿಂದ ಹಳದಿಯಾಗಿರಬೇಕಿತ್ತು. ಹಂಗಾಗಿಲ್ಲ. ಅಂದ್ರೆ ಇನ್ನೇನೋ ಕೈವಾಡ ಇದೆ.

ಕರುಳಿಗೂ ಲಿವರ್‌ಗೂ ಇರೋ ದಾರಿ ನೋಡಿದ್ರೆ ಅನುಮಾನ ಆ ಕಡೆ ಹೋಗೋದು ಸಹಜ. ಲಿವರ್‌ಗೆ ಹೋಗೋ ರಕ್ತದಲ್ಲಿ ಮುಕ್ಕಾಲು ಭಾಗ ಹೃದಯದಿಂದ ನೇರ ಬರೋದಲ್ಲ, ಕರುಳು ಸುತ್ತಿ ಪೋರ್ಟಲ್ ವೇನ್ ಅನ್ನೋ ರಕ್ತನಾಳದ ಮೂಲಕ ಬರೋದು. ಉಂಡಿದ್ದು, ನುಂಗಿದ ಮಾತ್ರೆ, ಕರುಳಿನ ಬ್ಯಾಕ್ಟೀರಿಯಾ ತಯಾರಿಸಿದ್ದು, ಬ್ಯಾಕ್ಟೀರಿಯಾ ಸತ್ತಾಗ ಉದುರಿದ ಚೂರುಪಾರು, ಎಲ್ಲ ಮೊದಲು ಲಿವರ್ ಎಂಬ ಚೆಕ್‌ಪೋಸ್ಟಲ್ಲಿ ನಿಂತು ಹೋಗಬೇಕು. ನಮ್ಮ ಮೈಯಲ್ಲಿರೋ ಬ್ಯಾಕ್ಟೀರಿಯಾ ಸುಮಾರು 38 ಲಕ್ಷ ಕೋಟಿ ಅಂತ 2016ರಲ್ಲಿ ಒಂದು ಅಂದಾಜು ಬಂತು, ಬಹುತೇಕ ಎಲ್ಲ ದೊಡ್ಡ ಕರುಳಲ್ಲೇ, ಎಲ್ಲ ಸೇರಿ ತೂಕ ಕಾಲು ಕೆಜಿಗಿಂತ ಕಮ್ಮಿ. ಲಿವರ್ ಒಂದೂವರೆ ಕೆಜಿ. ಆದ್ರೆ ಕೆಮಿಸ್ಟ್ರಿ ಕೆಲಸದಲ್ಲಿ ಆ ಕಾಲು ಕೆಜಿ ಏನೂ ಕಮ್ಮಿ ಇಲ್ಲ. ಲಿವರ್ ಗಂಟು ಕಟ್ಟಿ ಹೊರಗೆ ಕಳಿಸಿದ್ದನ್ನ ಅವು ಗಂಟು ಬಿಚ್ಚಿ ವಾಪಸ್ ಕಳಿಸ್ತವೆ.

ಇದನ್ನ ಸರಿಯಾಗಿ ಅರ್ಥ ಮಾಡ್ಕೊಳ್ಳೋಕೆ ನಮ್ಮೆಲ್ಲರ ಮನೆಯ ಡಬ್ಬಿಯಲ್ಲಿರೋ ಪ್ಯಾರಾಸಿಟಮಾಲ್‌ಗಿಂತ ಒಳ್ಳೆ ಉದಾಹರಣೆ ಇಲ್ಲ. ಕೋವಿಡ್ ಟೈಮಲ್ಲಿ ಡೋಲೋ ಅಂತ ದೇಶವೆಲ್ಲ ಜಪ ಮಾಡಿತಲ್ಲ, ಅದೂ ಪ್ಯಾರಾಸಿಟಮಾಲೇ, ಬೆಂಗಳೂರಿನ ಮೈಕ್ರೋ ಲ್ಯಾಬ್ಸ್ ಕಂಪನಿದು. ಈ ಮಾತ್ರೆ ನುಂಗಿದ ಮೇಲೆ ಲಿವರ್ ಅದನ್ನ ಮೂರು ದಾರಿಯಲ್ಲಿ ಸಾಗಹಾಕುತ್ತೆ. ಒಂದರಲ್ಲಿ ಅದಕ್ಕೆ ಗ್ಲುಕುರೋನಿಕ್ ಆಸಿಡ್ ಅಂತ ಒಂದು ಬಾಲ ಅಂಟಿಸುತ್ತೆ, ಇನ್ನೊಂದರಲ್ಲಿ ಸಲ್ಫೇಟ್ ಬಾಲ ಅಂಟಿಸುತ್ತೆ, ಬಾಲ ಅಂಟಿದ್ದು ನೀರಲ್ಲಿ ಕರಗಿ ಮೂತ್ರದಲ್ಲಿ ಹೋಗುತ್ತೆ, ತೊಂದರೆನೇ ಇಲ್ಲ, ಮಾತ್ರೆಯ ಬಹುಪಾಲು ಹೋಗೋದು ಹಿಂಗೆ. ಮಿಕ್ಕ 5ರಿಂದ 10 ಪರ್ಸೆಂಟ್ ಮೂರನೇ ದಾರಿ ಹಿಡಿದು ನ್ಯಾಪ್ಕಿ ಅನ್ನೋ ವಿಷ ಆಗುತ್ತೆ. ಅದಕ್ಕೂ ಲಿವರ್ ಹತ್ರ ಮದ್ದಿದೆ, ಗ್ಲುಟಾಥಯೋನ್ ಅಂತ, ನ್ಯಾಪ್ಕಿ ಹುಟ್ಟಿದ ತಕ್ಷಣ ಅದನ್ನ ಹಿಡಿದು ಕೂರಿಸುತ್ತೆ. ಮಾತ್ರೆ ಮಿತಿ ಮೀರಿದ್ರೆ ಮೊದಲೆರಡು ದಾರಿ ಜಾಮ್ ಆಗಿ ಮೂರನೇ ದಾರಿಗೆ ಜಾಸ್ತಿ ಹರಿದು ಗ್ಲುಟಾಥಯೋನ್ ದಾಸ್ತಾನು ಖಾಲಿಯಾಗಿ ನ್ಯಾಪ್ಕಿ ಲಿವರ್ ಕೋಶಗಳಿಗೇ ಅಂಟಿ ಸಾಯಿಸುತ್ತೆ. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ದಾಟಬಾರದು ಅನ್ನೋ ಮಿತಿ ಇರೋದು ಇದಕ್ಕೇ. ಜ್ವರಕ್ಕೊಂದು, ನೆಗಡಿಗೊಂದು, ಮೈಕೈ ನೋವಿಗೊಂದು ಅಂತ ಮೂರು ಹೆಸರಲ್ಲಿ ತಗೊಂಡ ಮಾತ್ರೆಯ ಹಿಂದೆ ತಿರುಗಿಸಿ ಓದಿದ್ರೆ ಮೂರರಲ್ಲೂ ಇದೇ ಇರುತ್ತೆ, ಲೆಕ್ಕ ತಪ್ಪೋದು ಅಲ್ಲೇ.

ಈಗ ಕರುಳು ಎಲ್ಲಿ ಬಂತು ಅಂತೀರಾ. 2009ರಲ್ಲಿ ಆಂಡ್ರೂ ಕ್ಲೇಟನ್, ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಜೆರೆಮಿ ನಿಕೊಲ್ಸನ್ ಮತ್ತಿತರರು 99 ಜನ ಆರೋಗ್ಯವಂತ ಗಂಡಸರಿಗೆ ಮಾಮೂಲಿ ಡೋಸ್ ಪ್ಯಾರಾಸಿಟಮಾಲ್ ಕೊಟ್ಟು, ಕೊಡೋಕೆ ಮುಂಚೆ ಒಂದ್ಸಲ ಕೊಟ್ಟಮೇಲೆ ಒಂದಷ್ಟು ಸಲ ಮೂತ್ರ ಪರೀಕ್ಷೆ ಮಾಡಿದ್ರು. ಮಾತ್ರೆ ನುಂಗೋ ಮೊದಲೇ ಯಾರ ಮೂತ್ರದಲ್ಲಿ ಪಿ-ಕ್ರೆಸಾಲ್ ಸಲ್ಫೇಟ್ ಅನ್ನೋದು ಜಾಸ್ತಿ ಇತ್ತೋ ಅವರಲ್ಲಿ ಮಾತ್ರೆ ಸಲ್ಫೇಟ್ ದಾರಿಯಲ್ಲಿ ಹೋಗೋದು ಕಮ್ಮಿ ಇತ್ತು. ಈ ಪಿ-ಕ್ರೆಸಾಲ್ ನಮ್ಮ ಮೈ ಮಾಡೋ ವಸ್ತು ಅಲ್ಲ. ಊಟದ ಪ್ರೋಟೀನಿನಲ್ಲಿರೋ ಟೈರೋಸಿನ್ ಅನ್ನ ಕರುಳಿನ ಕೆಲವು ಬ್ಯಾಕ್ಟೀರಿಯಾ, ಅದರಲ್ಲೂ ಕ್ಲಾಸ್ಟ್ರಿಡಿಯಂ ಗುಂಪಿನವು, ಹುದುಗಿಸಿ ಮಾಡೋದು. ಅದನ್ನ ಹೊರಗೆ ಹಾಕೋಕೂ ಲಿವರ್‌ಗೆ ಅದೇ ಎನ್ಜೈಮ್, ಅದೇ ಸಲ್ಫೇಟೇ ಬೇಕು. ರೇಷನ್ ಅಂಗಡಿಯಲ್ಲಿ ನಿಮಗಿಂತ ಮೊದಲೇ ನಾಲ್ಕು ಜನ ಕ್ಯೂನಲ್ಲಿ ನಿಂತು ಮೂಟೆ ಖಾಲಿ ಮಾಡಿದಂಗೆ. ಆ ಅಧ್ಯಯನದಲ್ಲಿ ಯಾರ ಲಿವರ್ರೂ ಕೆಡಲಿಲ್ಲ, ಅದು ಮಾಮೂಲಿ ಡೋಸು, ಅದನ್ನ ಮರೆತು ಕರುಳಿನ ಹುಳದಿಂದ ಲಿವರ್ ಫೇಲ್ ಅಂತ ಹೆಡ್‌ಲೈನ್ ಬರೆಯೋಕೆ ಬರಲ್ಲ. ಆದ್ರೆ ಒಂದೇ ಮಾತ್ರೆ ಇಬ್ಬರ ಮೈಯಲ್ಲಿ ಎರಡು ದಾರಿ ಹಿಡಿಯೋದರಲ್ಲಿ ಕರುಳಿನದ್ದೂ ಪಾತ್ರ ಇದೆ ಅಂತ ಮನುಷ್ಯರಲ್ಲೇ, ಅದೂ ಮಾತ್ರೆ ನುಂಗೋ ಮೊದಲಿನ ಮೂತ್ರದಲ್ಲೇ ಕಾಣಿಸಿತಲ್ಲ, ನನಗೆ ಈ ಇಡೀ ವಿಷಯದಲ್ಲಿ ಅತೀ ನಂಬಿಕೆ ಹುಟ್ಟಿಸೋ ಕೆಲಸ ಅದೇ.

ಆಮೇಲೆ ಬಂದಿದ್ದು ಹೆಚ್ಚಿನದೆಲ್ಲ ಇಲಿಗಳ ಕಥೆ. ಪ್ಯಾರಾಸಿಟಮಾಲ್ ಓವರ್‌ಡೋಸನ್ನ ಇಲಿಗೆ ಬೆಳಿಗ್ಗೆ ಕೊಟ್ಟರೆ ಲಿವರ್‌ಗೆ ಆಗೋ ಪೆಟ್ಟು ಕಮ್ಮಿ, ಸಂಜೆ ಕೊಟ್ಟರೆ ಜಾಸ್ತಿ. ಯಾಕೆ ಅಂತ ಚೀನಾದ ಒಂದು ತಂಡ ಬೆನ್ನು ಹತ್ತಿ 2018ರಲ್ಲಿ ಹೇಳಿದ್ದು, ಕರುಳಿನ ಬ್ಯಾಕ್ಟೀರಿಯಾ ಮಾಡೋ ಪಿಪಿಡಿ ಅನ್ನೋ ಒಂದು ವಸ್ತು ಹೊತ್ತಿಗೆ ತಕ್ಕಂತೆ ಏರಿ ಇಳಿಯುತ್ತೆ, ಅದು ಲಿವರ್‌ನ ಗ್ಲುಟಾಥಯೋನನ್ನ ಮೊದಲೇ ತಿಂದು ಹಾಕಿರುತ್ತೆ ಅಂತ. ಅಲ್ಲಿ ಸಲ್ಫೇಟ್ ಮೂಟೆ ಖಾಲಿ, ಇಲ್ಲಿ ಮದ್ದಿನ ಡಬ್ಬಿನೇ ಖಾಲಿ. ಎರಡು ವರ್ಷ ಕಳೆದು 2020ರಲ್ಲಿ ಇಸ್ರೇಲಿನ ವೈಜ್ಮನ್ ಇನ್‌ಸ್ಟಿಟ್ಯೂಟಿನವರು ಬ್ಯಾಕ್ಟೀರಿಯಾನೇ ಇಲ್ಲದ, ಇಲ್ಲಾ ಆಂಟಿಬಯಾಟಿಕ್ ಕೊಟ್ಟು ಬ್ಯಾಕ್ಟೀರಿಯಾ ಇಳಿಸಿದ ಇಲಿಗಳಲ್ಲಿ ಲಿವರ್ ಹಾನಿ ಕಮ್ಮಿ ಅಂತ ತೋರಿಸಿದ್ರು. ಅಲ್ಲಿ ಕಾರಣ ಬೇರೆ. ಕರುಳಿನ ಗೋಡೆ ದಾಟಿ ಬಂದ ಬ್ಯಾಕ್ಟೀರಿಯಾದ ಚೂರುಗಳನ್ನ ನೋಡಿ ಲಿವರ್‌ನಲ್ಲಿರೋ ಕಾವಲಿನ ಕೋಶಗಳು ರೊಚ್ಚಿಗೇಳೋದು, ಮಾತ್ರೆ ಹಚ್ಚಿದ ಬೆಂಕಿಗೆ ಅವು ಸೀಮೆಎಣ್ಣೆ ಹಾಕೋದು.

ಹಂಗಾದ್ರೆ ಬ್ಯಾಕ್ಟೀರಿಯಾ ಇಲ್ಲದಿದ್ರೇ ಒಳ್ಳೇದಾ ಅಂದ್ರೆ, ಅದೇ 2020ರಲ್ಲಿ ಅಮೆರಿಕಾದ ಎಮೊರಿ ಯೂನಿವರ್ಸಿಟಿಯವರು ಉಲ್ಟಾ ಹೇಳಿದ್ರು. ಲ್ಯಾಕ್ಟೋಬ್ಯಾಸಿಲಸ್ ಗುಂಪಿನ ಬ್ಯಾಕ್ಟೀರಿಯಾ ಕೊಟ್ಟ ಇಲಿಗಳ ಲಿವರ್‌ನಲ್ಲಿ ತನ್ನನ್ನ ತಾನು ಕಾಪಾಡಿಕೊಳ್ಳೋ ವ್ಯವಸ್ಥೆ ಚುರುಕಾಗಿ ಪ್ಯಾರಾಸಿಟಮಾಲ್ ಹೊಡೆತ ತಡ್ಕೊಂಡವು ಅಂತ. ಎರಡೂ ಸುಳ್ಳಲ್ಲ. ಒಂದೇ ಊರಲ್ಲಿ ಬೆಂಕಿ ಹಚ್ಚೋರೂ ಇರ್ತಾರೆ, ಕೊಡ ಹಿಡ್ಕೊಂಡು ಓಡಿ ಬರೋರೂ ಇರ್ತಾರೆ. ಒಳ್ಳೆ ಬ್ಯಾಕ್ಟೀರಿಯಾ ಕೆಟ್ಟ ಬ್ಯಾಕ್ಟೀರಿಯಾ ಅಂತ ಎರಡೇ ಡಬ್ಬಿ ಮಾಡಿ ವಿಡಿಯೋ ಮಾಡೋರಿಗೆ ಇದು ಸರಿಹೋಗಲ್ಲ ಅಷ್ಟೇ.

ಲಿವರ್ ವಿಷಯದಲ್ಲಿ ನೇರವಾದ ಉದಾಹರಣೆ ಬೇಕು ಅಂದ್ರೆ ಟ್ಯಾಕ್ರಿನ್ ಅಂತ ಒಂದು ಮಾತ್ರೆ ಇತ್ತು. ಮರೆವಿನ ಕಾಯಿಲೆ ಆಲ್ಜೈಮರ್ಸ್‌ಗೆ ಅಂತ ಅಮೆರಿಕಾದಲ್ಲಿ ಒಪ್ಪಿಗೆ ಸಿಕ್ಕ ಮೊಟ್ಟಮೊದಲ ಔಷಧಿ, 1993ರಲ್ಲಿ. ತಗೊಂಡವರಲ್ಲಿ ಹತ್ತಿರ ಹತ್ತಿರ ಅರ್ಧ ಜನಕ್ಕೆ ಎಸ್‌ಜಿಪಿಟಿ ಏರ್ತಿತ್ತು, ಕಾಲು ಭಾಗಕ್ಕೆ ಮೂರು ಪಟ್ಟಿಗಿಂತ ಜಾಸ್ತಿ. ಮಿಕ್ಕ ಅರ್ಧಕ್ಕೆ ಏನೂ ಇಲ್ಲ. ಆ ಮಾತ್ರೆ ಕೊನೆಗೆ ಮಾರ್ಕೆಟ್ಟಿಂದಲೇ ಹೋಯ್ತು, ಆದ್ರೆ ಪ್ರಶ್ನೆ ಹೋಗಲಿಲ್ಲ. ಸಿಂಗಪುರದ ನ್ಯಾಷನಲ್ ಯೂನಿವರ್ಸಿಟಿಯವರು 2018ರಲ್ಲಿ ಇಲಿಗಳಲ್ಲಿ ನೋಡಿದ್ದಿಷ್ಟು: ಲಿವರ್ ಟ್ಯಾಕ್ರಿನ್‌ಗೆ ಬಾಲ ಅಂಟಿಸಿ ಪಿತ್ತದ ಜೊತೆ ಕರುಳಿಗೆ ತಳ್ಳುತ್ತೆ, ಮುಗೀತು ಅನ್ನೋ ಅಷ್ಟರಲ್ಲಿ ಕರುಳಿನ ಬ್ಯಾಕ್ಟೀರಿಯಾ ಬೀಟಾ ಗ್ಲುಕುರೋನಿಡೇಸ್ ಅನ್ನೋ ತಮ್ಮ ಎನ್ಜೈಮಿಂದ ಆ ಬಾಲ ಕತ್ತರಿಸಿ ಹಾಕ್ತವೆ, ಬಾಲ ಕಿತ್ತ ಮಾತ್ರೆ ಮತ್ತೆ ರಕ್ತಕ್ಕೆ ಸೇರಿ ಪೋರ್ಟಲ್ ವೇನ್ ಹಿಡಿದು ಅದೇ ಲಿವರ್ ಮುಂದೆ ನಿಲ್ಲುತ್ತೆ. ಕಳಿಸಿದ ಬಸ್ಸು ಮುಂದಿನ ಸ್ಟಾಪಲ್ಲಿ ತಿರುಗಿ ಅದೇ ಜನರನ್ನ ವಾಪಸ್ ತಂದು ಇಳಿಸಿದಂಗೆ. ಈ ಎನ್ಜೈಮ್ ಜೋರಿದ್ದ ಇಲಿಗಳ ಲಿವರ್ರೇ ಜಾಸ್ತಿ ಕೆಟ್ಟಿದ್ದು, ಆಂಟಿಬಯಾಟಿಕ್ ಕೊಟ್ಟು ಬ್ಯಾಕ್ಟೀರಿಯಾ ಇಳಿಸಿದ್ರೆ ಹಾನಿನೂ ಇಳೀತು. ಒಂದು ಡೋಸನ್ನ ಲಿವರ್ ಎರಡು ಮೂರು ಸಲ ತಿಂದಂಗಾಯ್ತಲ್ಲ.

ಕರುಳಿನ ಬ್ಯಾಕ್ಟೀರಿಯಾ ಮಾತ್ರೆಗೆ ಕೈ ಹಾಕೋದು ಹೊಸ ಸುದ್ದಿ ಅಲ್ಲ. 1993ರಲ್ಲೇ ಜಪಾನಿನಲ್ಲಿ ಸರ್ಪಸುತ್ತಿಗೆ ಅಂತ ಸೊರಿವುಡಿನ್ ಅನ್ನೋ ಔಷಧಿ ಬಂತು, ಕ್ಯಾನ್ಸರಿನ 5-ಎಫ್‌ಯು ಜಾತಿಯ ಔಷಧಿ ಜೊತೆ ಇದನ್ನ ತಗೊಂಡವರಲ್ಲಿ ಹದಿನೈದಕ್ಕೂ ಹೆಚ್ಚು ಜನ ಸತ್ತೋದ್ರು. ಬ್ಯಾಕ್ಟೀರಿಯಾಗಳು ಸೊರಿವುಡಿನ್ ಒಡೆದು ಮಾಡಿದ ಇನ್ನೊಂದು ವಸ್ತು, ಕ್ಯಾನ್ಸರ್ ಔಷಧಿಯನ್ನ ಕರಗಿಸೋ ಎನ್ಜೈಮನ್ನೇ ಕಟ್ಟಿಹಾಕಿತ್ತು. ಅಲ್ಲಿ ಪೆಟ್ಟು ಬಿದ್ದಿದ್ದು ಲಿವರ್‌ಗಲ್ಲ, ಮೂಳೆ ಮಜ್ಜೆಗೆ, ರಕ್ತಕ್ಕೆ. 2019ರಲ್ಲಿ ಅಮೆರಿಕಾದ ಯೇಲ್ ಯೂನಿವರ್ಸಿಟಿಯವರು 76 ಥರದ ಕರುಳಿನ ಬ್ಯಾಕ್ಟೀರಿಯಾ ಮುಂದೆ 271 ಔಷಧಿ ಇಟ್ಟು ನೋಡಿದ್ರೆ, ಮೂರರಲ್ಲಿ ಎರಡು ಪಾಲು ಔಷಧಿಯನ್ನ ಯಾವುದಾದರೊಂದು ಬ್ಯಾಕ್ಟೀರಿಯಾ ಮಾರ್ಪಾಡು ಮಾಡ್ತು. ಕೊಡು-ಕೊಳ್ಳುವಿಕೆ ಎರಡೂ ಕಡೆಯದು, ಅದಕ್ಕೂ ಹಿಂದಿನ ವರ್ಷ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ನೋಡಿದಾಗ ಆಂಟಿಬಯಾಟಿಕ್ ಅಲ್ಲದ ಔಷಧಿಗಳಲ್ಲೂ ಸುಮಾರು ಕಾಲು ಭಾಗ ಯಾವುದಾದರೂ ಒಂದು ಕರುಳಿನ ಬ್ಯಾಕ್ಟೀರಿಯಾ ಬೆಳೆಯೋದನ್ನ ತಡೀತಿತ್ತು. ಇವೆಲ್ಲ ಗಾಜಿನ ಪ್ಲೇಟಲ್ಲಿ ನಡೆದದ್ದು, ಹೊಟ್ಟೆಯೊಳಗೆ ಅಲ್ಲ, ಅಷ್ಟು ನೆನಪಿಟ್ಕೊಂಡ್ರೆ ಸಾಕು.

ನನ್ನನ್ನ ತುಂಬಾ ಹೊತ್ತು ಹಿಡಿದು ನಿಲ್ಲಿಸಿದ್ದು ಇದ್ಯಾವುದೂ ಅಲ್ಲ, 1989ರ ಒಂದು ಹಳೇ ಅಧ್ಯಯನ. ಹೃದಯಕ್ಕೆ ಕೊಡೋ ಡಿಗಾಕ್ಸಿನ್ ಮಾತ್ರೆಯನ್ನ ಕೆಲವರ ಕರುಳಿನ ಬ್ಯಾಕ್ಟೀರಿಯಾ ನಿಷ್ಕ್ರಿಯ ಮಾಡಿಬಿಡ್ತವೆ ಅಂತ ಎಂಬತ್ತರ ದಶಕದ ಶುರುವಿನಲ್ಲೇ ಗೊತ್ತಾಗಿತ್ತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವಿ.ಐ. ಮಥನ್ ಮತ್ತೆ ಅಮೆರಿಕಾದ ಸಂಗಡಿಗರು ಅದನ್ನ ಎರಡು ಊರಲ್ಲಿ ಹೋಲಿಸಿ ನೋಡಿದ್ರು. ನ್ಯೂಯಾರ್ಕಿನವರಲ್ಲಿ 100ಕ್ಕೆ 36 ಜನರ ಕರುಳು ಈ ಕೆಲಸ ಮಾಡ್ತಿತ್ತು, ದಕ್ಷಿಣ ಭಾರತದವರಲ್ಲಿ 14ರಷ್ಟು ಮಾತ್ರ. ನಮ್ಮವರೊಳಗೂ ಪೇಟೆಯವರಲ್ಲಿ ಜಾಸ್ತಿ, ಹಳ್ಳಿಯವರಲ್ಲಿ ತೀರಾ ಕಮ್ಮಿ. ಮಾತ್ರೆ ಅದೇ, ಮನುಷ್ಯನ ಲಿವರ್ರೂ ಅಂಥಾ ಏನೂ ಬೇರೆ ಅಲ್ಲ, ಉಣ್ಣೋ ಊಟ ಕುಡಿಯೋ ನೀರು ಬೆಳೆದ ಊರು ಬೇರೆ, ಹಂಗಾಗಿ ಕರುಳಿನ ಸಂಸಾರ ಬೇರೆ. ಆ 99 ಗಂಡಸರ ಮೂತ್ರ ನೋಡಿ, ಚೀನಾದ ಇಲಿ ನೋಡಿ ತಿಪಟೂರಿನ ಹೊಟ್ಟೆ ಬಗ್ಗೆ ತೀರ್ಪು ಕೊಡೋಕಾಗಲ್ಲ ಅನ್ನೋಕೆ ಇದಕ್ಕಿಂತ ಸಾಕ್ಷಿ ಬೇಡ.

ಅದಕ್ಕೇ ನನಗನ್ನಿಸೋದು, ಈ ಇಡೀ ಸಂಶೋಧನೆಗೆ ನಿಜವಾದ ಪರೀಕ್ಷೆ ನಮ್ಮ ಟಿಬಿ ಮಾತ್ರೆನೇ. ಜಗತ್ತಿನ ಟಿಬಿ ರೋಗಿಗಳಲ್ಲಿ ಕಾಲು ಭಾಗ ನಮ್ಮ ದೇಶದಲ್ಲೇ ಇದ್ದಾರೆ, ಆರು ತಿಂಗಳು ತಪ್ಪದೆ ನುಂಗೋ ಕೋರ್ಸು, ಅದರಲ್ಲೂ ಮೊದಲೆರಡು ತಿಂಗಳು ನಾಲ್ಕು ಔಷಧಿ. ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಎಥಾಂಬುಟಾಲ್. ಮೊದಲ ಮೂರೂ ಲಿವರ್‌ಗೆ ತೊಂದರೆ ಕೊಡಬಲ್ಲವು, ಅದರ ಜೊತೆಗೆ ರಿಫಾಂಪಿಸಿನ್ ಬರೀ ಟಿಬಿ ಕ್ರಿಮಿ ಕೊಲ್ಲೋ ಔಷಧಿ ಅಲ್ಲ, ದಾರಿಯಲ್ಲಿ ಸಿಕ್ಕ ಬೇರೆ ಎಷ್ಟೋ ಬ್ಯಾಕ್ಟೀರಿಯಾನೂ ಕೊಲ್ಲುತ್ತೆ. ಟಿಬಿ ಚಿಕಿತ್ಸೆ ತಗೊಂಡವರ ಕರುಳಿನ ಬ್ಯಾಕ್ಟೀರಿಯಾ ಬದಲಾಗುತ್ತೆ, ಕೋರ್ಸು ಮುಗಿದ ಮೇಲೂ ಆ ಗುರುತು ಉಳಿಯುತ್ತೆ ಅಂತ ಈಗಾಗಲೇ ಮನುಷ್ಯರಲ್ಲೇ ನೋಡಿದ್ದಾರೆ. ಆ ಬದಲಾವಣೆ ಲಿವರ್ ಪೆಟ್ಟಿಗೆ ಕಾರಣವೋ, ಪೆಟ್ಟಿನ ಫಲವೋ, ಇಲ್ಲಾ ಎರಡಕ್ಕೂ ಸಂಬಂಧ ಇಲ್ಲದ ಮೂರನೇದೋ, ಇದನ್ನ ಬಿಡಿಸೋದೇ ಕಷ್ಟ. ಲಿವರ್ ಕೆಟ್ಟವರ ಮಲ ಪರೀಕ್ಷೆ ಮಾಡಿ ಬ್ಯಾಕ್ಟೀರಿಯಾ ಬೇರೆ ಥರ ಇದೆ ಅಂದ್ರೆ ಏನರ್ಥ? ಲಿವರ್ ಕೆಟ್ಟಾಗ ಊಟ ಸೇರಲ್ಲ, ಪಿತ್ತ ಸರಿಯಾಗಿ ಇಳಿಯಲ್ಲ, ಪಿತ್ತ ಬದಲಾದ್ರೆ ಕರುಳಿನ ಬ್ಯಾಕ್ಟೀರಿಯಾನೂ ಬದಲಾಗ್ತವೆ. ಕಳ್ಳತನ ಆದಮೇಲೆ ಬಂದು ಜಮಾಯಿಸಿದವರನ್ನ ಎಣಿಸಿದ್ರೆ ಕಳ್ಳ ಸಿಗಲ್ಲ. ಮಾತ್ರೆ ಶುರು ಮಾಡೋ ದಿನವೇ ಎಲ್ಲರ ಮಲ, ಮೂತ್ರದ ಸ್ಯಾಂಪಲ್ ತೆಗೆದಿಟ್ಟು ಆಮೇಲೆ ಯಾರಿಗೆ ಕಾಮಾಲೆ ಆಯ್ತು ಅಂತ ತಿರುಗಿ ನೋಡಬೇಕು, 2009ರಲ್ಲಿ ಆ 99 ಜನರಲ್ಲಿ ಮಾಡಿದ್ರಲ್ಲ ಹಂಗೆ. ಸಾವಿರಾರು ಜನ, ಒಂದೇ ಮಾತ್ರೆ, ಒಂದೇ ಕಾರ್ಡು, ಒಂದೇ ಸರ್ಕಾರಿ ವ್ಯವಸ್ಥೆ, ಇಂಥ ಅವಕಾಶ ಬೇರೆ ಯಾವ ದೇಶಕ್ಕೂ ಇಷ್ಟು ಸಲೀಸಾಗಿ ಸಿಗಲ್ಲ.

ಇಷ್ಟು ಓದಿದವರ ತಲೆಯಲ್ಲಿ ಹಂಗಾದ್ರೆ ಮಾತ್ರೆ ಜೊತೆ ಪ್ರೋಬಯಾಟಿಕ್, ಅಂದ್ರೆ ಜೀವಂತ ಬ್ಯಾಕ್ಟೀರಿಯಾ ತುಂಬಿದ ಔಷಧಿ, ತಗೊಂಡ್ರೆ ಹೆಂಗೆ ಅಂತ ಬಂದಿರುತ್ತೆ, ಬರಲಿ ಅಂತಲೇ ಮೆಡಿಕಲ್ ಶಾಪಿನ ಕೌಂಟರ್ ಮೇಲೆ ಕಣ್ಣಿಗೆ ಹೊಡಿಯೋ ಹಾಗೆ ಇಟ್ಟಿರ್ತಾರೆ. ಇಲಿಯಲ್ಲಿ ಕೆಲಸ ಮಾಡಿದ್ದು ನಿಜ, ಆದ್ರೆ ಇಲಿಗೆ ಕೊಟ್ಟಿದ್ದು ಒಂದು ನಿರ್ದಿಷ್ಟ ತಳಿ, ಓವರ್‌ಡೋಸಿಗೆ ಮುಂಚೆ, ಲೆಕ್ಕ ಹಾಕಿ. ಅದೇ ವೈಜ್ಮನ್‌ನವರು 2018ರಲ್ಲಿ ಮನುಷ್ಯರಲ್ಲಿ ನೋಡಿದಾಗ, ಆಂಟಿಬಯಾಟಿಕ್ ಕೋರ್ಸ್ ಆದ ಮೇಲೆ ಪ್ರೋಬಯಾಟಿಕ್ ತಗೊಂಡವರಿಗೆ ಅವರದ್ದೇ ಮೊದಲಿನ ಬ್ಯಾಕ್ಟೀರಿಯಾ ವಾಪಸ್ ಬರೋದು ಇನ್ನೂ ತಡವಾಯ್ತು, ಸುಮ್ಮನೆ ಬಿಟ್ಟವರಿಗಿಂತ. ಮನೆಯವರು ಊರಿಗೆ ಹೋದಾಗ ಬಂದು ಸೇರಿಕೊಂಡ ಬಾಡಿಗೆದಾರರು ಖಾಲಿ ಮಾಡಲ್ಲ ಅಂತಾರಲ್ಲ, ಆ ಕಥೆ. ಮಜ್ಜಿಗೆ ಕುಡೀರಿ, ಬೇಡ ಅನ್ನಲ್ಲ, ರುಚಿಗೆ ಕುಡೀರಿ, ಬೇಸಿಗೆಗೆ ಕುಡೀರಿ. ಲಿವರ್‌ಗೆ ರಕ್ಷಾಕವಚ ಅಂತ ಮಾತ್ರ ಯಾರೂ ಅದನ್ನ ಮಾರಬಾರದು.

ನಾಟಿ ಔಷಧಿ ಬಗ್ಗೆನೂ ಒಂದು ಮಾತು ಹೇಳ್ಲೇಬೇಕು. ಚಿಕ್ಕಪ್ಪಂಗೆ ಕಣ್ಣು ಹಳದಿ ಆಯ್ತು ಅಂದ ತಕ್ಷಣ ಮೂರು ಮನೆಯಿಂದ ನೆಲನೆಲ್ಲಿ ಬಂತು, ಒಬ್ಬರು ಅಮೃತಬಳ್ಳಿ ಕಷಾಯ ಮಾಡ್ಕೊಂಡೇ ಬಂದ್ರು, ಪ್ರೀತಿಯಿಂದ. ಕೋವಿಡ್ ಹೊತ್ತಲ್ಲಿ ಅಮೃತಬಳ್ಳಿ ಕುಡಿದು ಲಿವರ್ ಪೆಟ್ಟಾದವರ ವರದಿ ಮುಂಬೈಯಿಂದ ಶುರುವಾಗಿ ಆಮೇಲೆ ದೇಶದ ಬೇರೆ ಬೇರೆ ಆಸ್ಪತ್ರೆಗಳಿಂದ ಬಂದಿವೆ, ಆಯುಷ್ ಇಲಾಖೆ ಅದನ್ನ ಒಪ್ಪಲಿಲ್ಲ, ಆ ವಾದ ಬೇರೆ. ಆದ್ರೆ ಟಿಬಿ ಮಾತ್ರೆಯಿಂದ ಲಿವರ್ ಸುಸ್ತಾಗಿ ಕೂತಿರೋವಾಗ ಅದರ ಚೆಕ್‌ಪೋಸ್ಟಿಗೆ ಇನ್ನೊಂದು ಲಾರಿ ಕಳಿಸೋದ್ಯಾಕೆ? ಚಿಕ್ಕಮ್ಮ ಎಲ್ಲರಿಗೂ ಆಯ್ತು ಕೊಡ್ತೀನಿ ಅಂತ ಇಸ್ಕೊಂಡು ಹಿತ್ತಲಿಗೆ ಚೆಲ್ಲಿದ್ರು, ಜಗಳಾನೂ ಆಗಲಿಲ್ಲ, ಲಿವರ್ರಿಗೂ ಕೆಲಸ ಬೀಳಲಿಲ್ಲ.

ಇವತ್ತಿಗೆ ನಮ್ಮ ಕೈಯಲ್ಲಿರೋದು ಹಳೇ ಉಪಾಯಗಳೇ. ಟಿಬಿ ಮಾತ್ರೆ ಶುರು ಮಾಡೋಕೆ ಮುಂಚೆ ಒಂದು ಎಲ್‌ಎಫ್‌ಟಿ, ಅಂದ್ರೆ ಲಿವರ್‌ನ ರಕ್ತ ಪರೀಕ್ಷೆ. ಆಮೇಲೆ ವಾಕರಿಕೆ, ಊಟ ಸೇರದಿರೋದು, ಬಲಗಡೆ ಪಕ್ಕೆ ಕೆಳಗೆ ನೋವು, ಕಣ್ಣು ಹಳದಿ, ಇದರಲ್ಲಿ ಯಾವುದು ಕಂಡರೂ ಅವತ್ತೇ ಡಾಕ್ಟರ್ ಹತ್ರ ಹೋಗಿ ಎಸ್‌ಜಿಪಿಟಿ, ಕಾಮಾಲೆಯಲ್ಲಿ ಕಣ್ಣು ಹಳದಿ ಮಾಡೋ ಬಿಲಿರುಬಿನ್ ನೋಡಿಸೋದು. ಲಕ್ಷಣ ಇದ್ದು ಎಸ್‌ಜಿಪಿಟಿ ಮೂರು ಪಟ್ಟು ದಾಟಿದ್ರೆ, ಲಕ್ಷಣ ಇಲ್ಲದೇ ಐದು ಪಟ್ಟು ದಾಟಿದ್ರೆ ಮಾತ್ರೆ ನಿಲ್ಲಿಸೋದು ನಿಯಮ, ಕಾಮಾಲೆನೂ ಸೇರ್ಕೊಂಡ್ರೆ ವಿಷಯ ಸೀರಿಯಸ್, ಔಷಧಿಯಿಂದ ಎಸ್‌ಜಿಪಿಟಿ ಜೊತೆ ಬಿಲಿರುಬಿನ್ನೂ ಏರಿದವರಲ್ಲಿ ಹತ್ತಕ್ಕೆ ಒಬ್ಬರಷ್ಟು ಉಳಿಯಲ್ಲ ಅನ್ನೋದು ಹೈಮನ್ ಜಿಮ್ಮರ್‌ಮನ್ ಅನ್ನೋ ಲಿವರ್ ಡಾಕ್ಟರ್ ಕಾಲದಿಂದ ಬಂದ ಲೆಕ್ಕ. ಆದ್ರೆ ನಿಲ್ಲಿಸೋದನ್ನ ಡಾಕ್ಟರ್ ಹೇಳಬೇಕು, ನಾವೇ ಹೆದರಿ ನಿಲ್ಲಿಸಿದ್ರೆ ಟಿಬಿ ಔಷಧಿಗೆ ಬಗ್ಗದ ಟಿಬಿ ಆಗಿ ಕೂರುತ್ತೆ. ಪ್ಯಾರಾಸಿಟಮಾಲ್ ಓವರ್‌ಡೋಸ್ ಆಗಿದ್ರೆ ಎನ್-ಅಸಿಟೈಲ್‌ಸಿಸ್ಟೀನ್ ಅಂತ ಮದ್ದಿದೆ, ಖಾಲಿಯಾದ ಗ್ಲುಟಾಥಯೋನನ್ನ ಮತ್ತೆ ತುಂಬೋದು ಅದರ ಕೆಲಸ, ಎಂಟು ಗಂಟೆಯೊಳಗೆ ಸಿಕ್ಕಿದ್ರೆ ಹೆಚ್ಚುಕಮ್ಮಿ ಎಲ್ಲರನ್ನೂ ಉಳಿಸುತ್ತೆ. ಮೊದಲ ದಿನ ರೋಗಿ ಆರಾಮಾಗೇ ಕಾಣ್ತಾನೆ, ಮೋಸ ಹೋಗೋದು ಅಲ್ಲೇ, ನೋಡೋಣ ನಾಳೆ ಅನ್ನೋ ಅಷ್ಟರಲ್ಲಿ ಹೊತ್ತು ಮೀರಿರುತ್ತೆ.

ಚಿಕ್ಕಪ್ಪಂಗೆ ಮೂರು ವಾರದ ಮೇಲೆ ಎಸ್‌ಜಿಪಿಟಿ ಇಳೀತು, ಮೊದಲು ರಿಫಾಂಪಿಸಿನ್, ಕೆಲವು ದಿನ ಬಿಟ್ಟು ಐಸೋನಿಯಾಜಿಡ್, ಹಂಗೇ ಒಂದೊಂದಾಗಿ ಮತ್ತೆ ಶುರು ಮಾಡಿದ್ರು, ಪೈರಾಜಿನಮೈಡ್ ಮಾತ್ರ ಕೈಬಿಟ್ಟು ಕೋರ್ಸ್ ಉದ್ದ ಮಾಡಿದ್ರು. ಟಿಬಿ ವಾಸಿ ಆಯ್ತು. ಗಾರೆಯವರದ್ದೂ ಆಯ್ತು, ಆರು ತಿಂಗಳಿಗೇ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಫೈಲ್ ತೆಗೆಸಿ ನೋಡ್ದೆ. ಕೇಸ್ ಶೀಟಲ್ಲಿ ಕುಡಿತ ಇದೆಯಾ, ಸಕ್ಕರೆ ಕಾಯಿಲೆ ಇದೆಯಾ, ಮೊದಲು ಕಾಮಾಲೆ ಆಗಿತ್ತಾ ಅಂತೆಲ್ಲ ಇತ್ತು, ಎದುರಿಗೆಲ್ಲ "ಇಲ್ಲ". ಟಿಬಿ ಅಂತ ಗೊತ್ತಾಗೋ ಮುಂಚೆ ಮೂರು ತಿಂಗಳು ಕೆಮ್ಮಿಗೆ ಅಂತ ಏನೇನು ತಗೊಂಡ್ರಿ ಅಂತ ಯಾರಾದ್ರೂ ಕೇಳಿದ್ರಾ ಅಂದೆ. ಚಿಕ್ಕಪ್ಪ ಎದ್ದು ಹೋಗಿ ಕ್ಯಾಲೆಂಡರ್ ಹಿಂದೆ ಮೊಳೆಗೆ ನೇತಾಕಿದ್ದ ಪ್ಲಾಸ್ಟಿಕ್ ಕವರ್ ತಂದ್ರು, ಖಾಲಿ ಸ್ಟ್ರಿಪ್ ಎಸೆಯೋ ಅಭ್ಯಾಸ ಅವರಿಗಿಲ್ಲ. ಒಂದು ಅಜಿತ್ರೊಮೈಸಿನ್ ಕೋರ್ಸ್, ಎರಡು ಸಲ ಅಮಾಕ್ಸಿಸಿಲಿನ್-ಕ್ಲಾವುಲನೇಟ್, ಒಂದು ಸೆಫಿಕ್ಸೀಮ್, ಎಲ್ಲ ಆಂಟಿಬಯಾಟಿಕ್ಕೇ, ಎಲ್ಲ ಚೀಟಿ ಇಲ್ಲದೆ ಮೆಡಿಕಲ್‌ನವರು ಕೊಟ್ಟದ್ದು. ಇದೇ ಅವರ ಲಿವರ್ ಕೆಡಿಸ್ತು ಅಂತ ಹೇಳೋಕೆ ನನ್ನ ಹತ್ರ ಆಧಾರ ಇಲ್ಲ, ಇಲಿಗಳ ಲೆಕ್ಕದಲ್ಲಿ ನೋಡಿದ್ರೆ ಆಂಟಿಬಯಾಟಿಕ್ ಕೆಲವು ಸಲ ಲಿವರ್ ಉಳಿಸಿದೆ ಕೂಡ. ಗಾರೆಯವರು ಆ ಮೂರು ತಿಂಗಳು ಏನು ತಗೊಂಡಿದ್ರು ಅಂತ ಕೇಳಿಸಿದೆ. "ಏನಿಲ್ಲ, ಕೆಮ್ಮಿಗೆ ಮೆಣಸಿನ ಕಷಾಯ" ಅಂದ್ರಂತೆ.